ಲೇಬರ್ ಲಾಯದ ಗೆಲ್ಲುವ ಕುದುರೆ

ಬ್ರಿಟನ್ನಿನ ಚುನಾವಣೆ ಅರ್ಥವಾಗಬೇಕಾದರೆ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ಲೆಕ್ಕವನ್ನು ಮೊದಲು ಮರೆಯಬೇಕು. 2017ರಲ್ಲಿ ಜೆರೆಮಿ ಕಾರ್ಬಿನ್ ಎಂಬ ಗಡ್ಡದ ಹಿರಿಯರ ಮುಂದಾಳತ್ವದಲ್ಲಿ ಎಡ ಒಲವಿನ ಲೇಬರ್ ಪಕ್ಷಕ್ಕೆ 1 ಕೋಟಿ 28 ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಈ ಮನುಷ್ಯ ಜನ್ಮದಲ್ಲಿ ಗೆಲ್ಲುವ ಕುದುರೆಯಲ್ಲ ಎಂದು ಪಂಡಿತರು ಷರಾ ಬರೆದರು. 2024ರಲ್ಲಿ ಕಿಯರ್ ಸ್ಟಾರ್ಮರ್ ಸಾಹೇಬರ ಲೇಬರ್‌ಗೆ ಬಿದ್ದದ್ದು ಸುಮಾರು 97 ಲಕ್ಷ. ಅದೇ ಪಂಡಿತರು ಪ್ರಚಂಡ ವಿಜಯವೆಂದು ಶಂಖ ಊದಿದರು. ಹೆಚ್ಚು ಮತ ತಂದವರಿಗೆ 262 ಸೀಟು, ಮೂವತ್ತು ಲಕ್ಷ ಮತ ಕಳೆದವರಿಗೆ 411.

ಮರ್ಮ ಏನೂ ಇಲ್ಲ. 2017ರಲ್ಲಿ ಎದುರಾಳಿಯಾದ, ಬಲ ಒಲವಿನ ಕನ್ಸರ್ವೇಟಿವ್ ಪಕ್ಷ ಶೇ 42ರಷ್ಟು ಮತ ಹಿಡಿದು ಗಟ್ಟಿಯಾಗಿ ಕೂತಿತ್ತು. 2024ರ ಹೊತ್ತಿಗೆ ಜನರಿಗೆ ಅದರ ಮುಖ ನೋಡಿದರೇ ವಾಕರಿಕೆ, ಪಾಲು ಶೇ 24ಕ್ಕೆ ಇಳಿದಿತ್ತು. ಅದು ಕಳೆದುಕೊಂಡ ಮತಗಳಲ್ಲಿ ನೈಜೆಲ್ ಫರಾಜ್ ಅವರ ಬಲಪಂಥೀಯ ರಿಫಾರ್ಮ್ ಪಕ್ಷ ದೊಡ್ಡ ತುತ್ತು ಕಚ್ಚಿತ್ತು. ಹೀಗೆ ಪಕ್ಕದ ಕುದುರೆ ಕಾಲು ಮುರಿದುಕೊಂಡು ಬಿದ್ದಾಗ ನಮ್ಮದು ನಡೆದುಕೊಂಡೇ ಗೆರೆ ದಾಟಿತು. ಆಮೇಲೆ ಅದರ ತಳಿ, ಗೊರಸು, ಮೇವಿನ ಬಗ್ಗೆ ಲೇಖನಗಳು ಬಂದವು.

ಕಾರ್ಬಿನ್ ಭಕ್ತರು ಇಷ್ಟಕ್ಕೇ ಕುಣಿಯಬೇಕಿಲ್ಲ. 2019ರಲ್ಲಿ ಅವರ ಲೇಬರ್‌ಗೆ ಬಂದದ್ದು 1935ರ ನಂತರದ ಅತಿ ಕಡಿಮೆ ಸ್ಥಾನ. ಇಡೀ ದೇಶ ಐರೋಪ್ಯ ಒಕ್ಕೂಟ ಬಿಡುವ ಬ್ರೆಕ್ಸಿಟ್ ಬೇಕು, ಬೇಡ ಎಂದು ಕಾಲರ್ ಹಿಡಿದು ನಿಂತಿದ್ದಾಗ ಅವರ ನಿಲುವು ಹೀಗಿತ್ತು: ನಾನು ಹೊಸ ಒಪ್ಪಂದ ತರುತ್ತೇನೆ, ಅದರ ಮೇಲೆ ಇನ್ನೊಂದು ಜನಮತಗಣನೆ ಮಾಡಿಸುತ್ತೇನೆ, ಅದರಲ್ಲಿ ಮಾತ್ರ ತಟಸ್ಥನಾಗಿರುತ್ತೇನೆ. ಇಂಥವರಿಗೆ ಮತ ಹಾಕಲು ತಾಳ್ಮೆ ಇದ್ದರೆ ಸಾಲದು, ವೇದಾಂತವೂ ತಿಳಿದಿರಬೇಕು.

ಭಾರತದ ಪಾಸ್‌ಪೋರ್ಟ್ ಹಿಡಿದು ಇಲ್ಲಿ ನೆಲೆಸಿದ ನನ್ನಂಥ ಕನ್ನಡಿಗನಿಗೂ ಕಾಮನ್‌ವೆಲ್ತ್ ಪ್ರಜೆಯೆಂಬ ಲೆಕ್ಕದಲ್ಲಿ ಇಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಉಂಟು. ಆದರೆ ಮತ ಇದ್ದಮಾತ್ರಕ್ಕೆ ಮತದಾರನಾಗುವುದಿಲ್ಲ. ಲೇಬರ್ ಪಾಲಿಗೆ ನಿಜವಾದ ಮತದಾರ ಸದಾ ಇನ್ನೊಬ್ಬ, ಸಲಹೆಗಾರರು ಕಲ್ಪಿಸಿಕೊಂಡ ಮಾದರಿ ಮನುಷ್ಯ. ಲೇಬರ್ ಪ್ರಧಾನಿ ಟೋನಿ ಬ್ಲೇರ್ ಕಾಲದಲ್ಲಿ ಆತ ಫೋರ್ಡ್ ಕಾರಿನ ‘ಮೊಂಡಿಯೊ ಮ್ಯಾನ್’. ಜೊತೆಗೆ ‘ವೂಸ್ಟರ್ ವುಮನ್’. 2019ರಲ್ಲಿ ಕನ್ಸರ್ವೇಟಿವ್ ಪಾಳಯದವರು ಗುರಿಯಿಟ್ಟ, ರಗ್ಬಿ ನೋಡುವ ‘ವರ್ಕಿಂಗ್ಟನ್ ಮ್ಯಾನ್’ ಅವತರಿಸಿದ. ಮುಂದಿನ ಸಲಕ್ಕೆ ‘ಸ್ಟೀವನೇಜ್ ವುಮನ್’ ಬಂದಳು. ಇವರನ್ನು ಕಣ್ಣಾರೆ ಕಂಡವರಿಲ್ಲ, ಇವರ ಮನಸ್ಸಿನಲ್ಲಿ ಏನಿದೆ ಎಂಬುದು ಮಾತ್ರ ಲಂಡನ್ನಿನ ಪ್ರತಿ ಸಲಹೆಗಾರನಿಗೂ ಗೊತ್ತು.

ನೀರಿನ ಸಂಗತಿಯನ್ನೇ ನೋಡಿ. 1989ರಲ್ಲಿ ಇಂಗ್ಲೆಂಡಿನ ನೀರಿನ ಸಂಸ್ಥೆಗಳನ್ನು ಖಾಸಗಿಯವರಿಗೆ ಮಾರಿದರು. ಈಗ ನದಿಗೆ ಕೊಳಚೆ, ಮನೆಗೆ ದುಬಾರಿ ಬಿಲ್ಲು. ಸರ್ಕಾರ ವಾಪಸು ತೆಗೆದುಕೊಳ್ಳಲಿ ಎಂದು ಸಮೀಕ್ಷೆ ನಡೆದಾಗಲೆಲ್ಲ ಬಹುಮತ ಹೇಳುತ್ತದೆ, ಕನ್ಸರ್ವೇಟಿವ್ ಬೆಂಬಲಿಗರೂ ದನಿಗೂಡಿಸುತ್ತಾರೆ. ಲೇಬರ್ ಕಾರ್ಯಕರ್ತರಂತೂ ಮೊದಲಿಂದಲೂ ಅದನ್ನೇ ಕೇಳುತ್ತಿದ್ದಾರೆ. ಆದರೂ ಪಕ್ಷದ ನಾಯಕರ ಪ್ರಕಾರ ಅದು ಅತಿರೇಕ, ಮತ ಬೀಳುವುದಿಲ್ಲ! ಹೆಣ್ಣಿನ ಮನೆಯವರೆಲ್ಲ ಕೂತು, “ಹುಡುಗ ನಮಗೆ ಒಪ್ಪಿಗೆಯೇ, ಆದರೆ ಹಿಂದಿನ ಬೀದಿ ಪದ್ಮಕ್ಕ ಏನಂತಾರೋ” ಎಂದು ಸಂಬಂಧ ಬಿಟ್ಟ ಹಾಗೆ. ಪದ್ಮಕ್ಕನನ್ನು ಯಾರೂ ಕೇಳಿಯೇ ಇಲ್ಲ.

ಕೊಟ್ಟ ಮಾತಿನ ಕಥೆ ಇನ್ನೂ ಸ್ವಾರಸ್ಯ. ಶಾಸನಗಳ ನಾಡಿನಿಂದ ಬಂದವನಿಗೆ 2015ರಷ್ಟು ರೋಮಾಂಚನ ಇನ್ನಾವ ಚುನಾವಣೆಯೂ ಕೊಟ್ಟಿಲ್ಲ. ಆಗಿನ ನಾಯಕ ಎಡ್ ಮಿಲಿಬ್ಯಾಂಡ್ ಎಂಟೂವರೆ ಅಡಿ ಎತ್ತರದ ಸುಣ್ಣಕಲ್ಲಿನ ಮೇಲೆ ಆರು ಭರವಸೆ ಕೆತ್ತಿಸಿ, ಗೆದ್ದರೆ ಪ್ರಧಾನಿ ನಿವಾಸದ ತೋಟದಲ್ಲಿ ನೆಡುವ ಏರ್ಪಾಡು ಮಾಡಿದ್ದರು. ಹಲ್ಮಿಡಿ ಇಷ್ಟು ಕಾಲ ಬಾಳಿತು, ಇದು ಒಂದು ವಾರ ಬಾಳಲಿಲ್ಲ. ಪಕ್ಷ ಸೋತಿತು, ಕಲ್ಲು ಕಣ್ಮರೆಯಾಯಿತು, ಅದರ ಖರ್ಚನ್ನೂ ಮತ್ತಿತರ ಬಾಬತ್ತುಗಳನ್ನೂ ಸರಿಯಾಗಿ ತೋರಿಸಿಲ್ಲವೆಂದು ಚುನಾವಣಾ ಆಯೋಗ 20,000 ಪೌಂಡ್ ದಂಡ ಜಡಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ ಬಸವಣ್ಣನವರ ಪ್ರತಿಮೆ ನಿಂತಿತು. ನಡೆ ನುಡಿ ಒಂದಾಗಿರಬೇಕು ಎಂದವರು. ಪಾರ್ಲಿಮೆಂಟು ಅಲ್ಲೇ ನದಿಯಾಚೆ; ಅಲ್ಲಿಂದ ಯಾರೂ ಸೇತುವೆ ದಾಟಿ ಬಂದು ವಿಚಾರಿಸಿದ ಹಾಗೆ ಕಾಣೆ.

ಸ್ಟಾರ್ಮರ್ ಬುದ್ಧಿವಂತರು, ಕಲ್ಲಿನ ತಂಟೆಗೆ ಹೋಗಲಿಲ್ಲ. 2020ರಲ್ಲಿ ಪಕ್ಷದ ನಾಯಕರಾಗಲು ಹತ್ತು ವಾಗ್ದಾನಗಳನ್ನು ಕಾಗದದ ಮೇಲೆ ಬರೆದರು. ರೈಲು, ಅಂಚೆ, ವಿದ್ಯುತ್ತು, ನೀರು ಜನರ ಒಡೆತನಕ್ಕೆ. ವಿಶ್ವವಿದ್ಯಾಲಯಗಳ ಶುಲ್ಕ ರದ್ದು. ರೈಲಿನ ಮಾತು ಉಳಿಸಿಕೊಂಡರು, ಅಲ್ಲಗಳೆಯುವುದಿಲ್ಲ. ಅಂಚೆ ಅವರ ಆಳ್ವಿಕೆಯಲ್ಲೇ ಜೆಕ್ ದೇಶದ ಕೋಟ್ಯಧಿಪತಿಯ ಪಾಲಾಯಿತು. ಶುಲ್ಕ ರದ್ದಾಗುವ ಬದಲು 9,535 ಪೌಂಡಿಗೆ ಏರಿತು. ಕೇಳಿದರೆ, ಕಾಲ ಬದಲಾಗಿದೆ ಎಂಬ ಉತ್ತರ.

ಎರಡಕ್ಕಿಂತ ಹೆಚ್ಚು ಮಕ್ಕಳಿರುವ ಬಡ ಕುಟುಂಬಗಳ ಭತ್ಯೆಗೆ ಹಾಕಿದ್ದ ಮಿತಿ ತೆಗೆಯಿರಿ ಎಂದು 2024ರ ಜುಲೈಯಲ್ಲಿ ಮತ ಹಾಕಿದ ತಮ್ಮದೇ ಏಳು ಸಂಸದರನ್ನು ಪಕ್ಷದ ಸಂಸದೀಯ ಗುಂಪಿನಿಂದ ಹೊರದಬ್ಬಿದರು. ಬೇಜವಾಬ್ದಾರಿ ಎಡಪಂಥ! 2025ರ ನವೆಂಬರ್ ಬಜೆಟ್‌ನಲ್ಲಿ ಅದೇ ಮಿತಿಯನ್ನು ತೆಗೆಯುವುದಾಗಿ ಸರ್ಕಾರವೇ ಘೋಷಿಸಿತು. ಈಗ ಅದು ಜವಾಬ್ದಾರಿ. ಏಳು ಜನರ ತಪ್ಪು ಒಂದೇ, ಪಂಚಾಂಗ ನೋಡದೆ ಸತ್ಯ ಹೇಳಿದ್ದು.

ಇಷ್ಟೆಲ್ಲ ಮೈ ಬಳುಕಿಸಿ ಪಡೆದ ಗೆಲುವು ಎಷ್ಟು ಕಾಲ ನಿಂತಿತು? ರಂಕಾರ್ನ್ ಕ್ಷೇತ್ರದಲ್ಲಿ 14,696 ಮತಗಳ ಅಂತರದಿಂದ ಗೆದ್ದಿದ್ದ ಲೇಬರ್, ವರ್ಷ ತುಂಬುವ ಮೊದಲೇ ನಡೆದ ಉಪಚುನಾವಣೆಯಲ್ಲಿ ರಿಫಾರ್ಮ್‌ಗೆ ಸೋತಿತು. ಅಂತರ 6 ಮತ. ಆ ಆರು ಜನರಲ್ಲಿ ವರ್ಕಿಂಗ್ಟನ್ ಮ್ಯಾನ್ ಇದ್ದನೇ ಎಂದು ಸಲಹೆಗಾರರು ಇನ್ನೂ ಹುಡುಕುತ್ತಿರಬೇಕು.

ಹಾಗಾದರೆ ಇನ್ನಷ್ಟು ಎಡಕ್ಕೆ ಹೋಗೋಣವೆಂದರೆ ಅಲ್ಲಿ ಕಾರ್ಬಿನ್ ಮತ್ತು ಲೇಬರ್ ಬಿಟ್ಟು ಬಂದ ಸಂಸದೆ ಜಾರಾ ಸುಲ್ತಾನಾ 2025ರಲ್ಲಿ ಹೊಸ ಪಕ್ಷ ಹುಟ್ಟಿಸಿದ್ದಾರೆ, ‘ಯುವರ್ ಪಾರ್ಟಿ’. ಲಕ್ಷಗಟ್ಟಲೆ ಜನ ಆಸೆಯಿಂದ ಹೆಸರು ಕೊಟ್ಟರು. ಒಬ್ಬರು ಸದಸ್ಯತ್ವದ ಚಂದಾ ವಸೂಲಿ ಶುರು ಮಾಡಿದರೆ ಇನ್ನೊಬ್ಬರು, ಅದಕ್ಕೆ ದುಡ್ಡು ಕಟ್ಟಬೇಡಿ, ಕಟ್ಟಿದ್ದರೆ ನಿಲ್ಲಿಸಿ ಎಂದು ಸಾರಿದರು. ಕ್ರಾಂತಿಗೆ ಮುಂಚೆಯೇ ವಕೀಲರ ಸಲಹೆ ಪಡೆದ ಕ್ರಾಂತಿಕಾರಿಗಳು!

ಇನ್ನು ನನ್ನ ಬಾಗಿಲಿನ ಸಂದಿಯಿಂದ ಬೀಳುವ ಕರಪತ್ರಗಳು. ಪ್ರತಿಯೊಂದರಲ್ಲೂ ಯಾರಿಗೆಷ್ಟು ಮತವೆಂದು ತೋರಿಸುವ ಬಣ್ಣದ ಕಂಬಗಳ ಚಿತ್ರ, ಮೇಲೆ ದಪ್ಪಕ್ಷರದಲ್ಲಿ “ಇಲ್ಲಿ ಗೆಲ್ಲಬಲ್ಲವರು ನಾವು ಮಾತ್ರ.” ಮೂರು ಪಕ್ಷದವರೂ ಹಾಗೇ ಹೇಳುತ್ತಾರೆ, ಮೂವರ ಕಂಬವೂ ಅವರವರ ಕಾಗದದಲ್ಲಿ ಆಕಾಶ ಮುಟ್ಟಿದೆ. ಮೊನ್ನೆ ಕರಪತ್ರ ಹಂಚಲು ಬಂದಿದ್ದ ಹುಡುಗನನ್ನು ನಿಲ್ಲಿಸಿ, ಗೆದ್ದ ಮೇಲೆ ಏನು ಮಾಡುತ್ತೀರಪ್ಪಾ ಎಂದೆ. ಪಾಪ, ಕಾಗದ ತಿರುಗಿಸಿ ಹಿಂಬದಿ ನೋಡಿದ. ಅಲ್ಲಿ ಇನ್ನೂ ಒಂದು ಕಂಬದ ಚಿತ್ರವಿತ್ತು.