ಸಿನ್ ಪೋಯೊ

ಕೋಳಿ ಹೋಟೆಲಿಗೆ ಹೋಗಿ ಕೋಳಿ ತಿನ್ನದೆ ಬರುವುದರಲ್ಲಿ ನನಗೆ ಆರು ವರ್ಷದ ಸರ್ವೀಸಾಗಿದೆ. ನ್ಯೂಜೆರ್ಸಿಯ ನಮ್ಮ ಮನೆಯಿಂದ ಎರಡು ಸಿಗ್ನಲ್ ದಾಟಿದರೆ, ಕಾಸು ಹಾಕಿ ಬಟ್ಟೆ ಒಗೆಯುವ ಲಾಂಡ್ರಿಯ ಪಕ್ಕದಲ್ಲಿ, ಪೆರು ದೇಶದವರದೊಂದು ಪುಟ್ಟ ಹೋಟೆಲಿದೆ. ಏಳೋ ಎಂಟೋ ಮೇಜು, ಗೋಡೆಯ ಮೇಲೆ ಮಾಚು ಪಿಚ್ಚುವಿನ ಪಟ, ಟೀವಿಯಲ್ಲಿ ಸದಾ ಫುಟ್‌ಬಾಲ್. ಗಾಜಿನ ಹಿಂದೆ ಇದ್ದಿಲ ಕೆಂಡದೆದುರು ಕೋಳಿಗಳು ಜಾತ್ರೆಯ ತೊಟ್ಟಿಲಿನಲ್ಲಿ ಕೂತವರ ಹಾಗೆ ಮೇಲೆ ಕೆಳಗೆ ಸುತ್ತುತ್ತಿರುತ್ತವೆ. ಶುಕ್ರವಾರ ಸಂಜೆ ಆ ಹೊಗೆಯ ವಾಸನೆ ನಮ್ಮ ಯಜಮಾನರನ್ನೂ ಮಗನನ್ನೂ ಮೂಗು ಹಿಡಿದು ಎಳೆದುಕೊಂಡು ಹೋಗುತ್ತದೆ. ಹಿಂದಿನಿಂದ ನಾನು.

ಅಲ್ಲಿ ನಾನು ಕಲಿತ ಮೊದಲ ಸ್ಪ್ಯಾನಿಷ್ ಪದ ‘ಸಿನ್’. ಇಂಗ್ಲಿಷಿನಲ್ಲಿ ಅದು ಪಾಪ, ಸ್ಪ್ಯಾನಿಷಿನಲ್ಲಿ ‘ಇಲ್ಲದೆ’. ಸಿನ್ ಪೋಯೊ ಅಂದರೆ ಕೋಳಿ ಇಲ್ಲದೆ. ನಾನು ಮೊದಲ ಸಲ ಹಾಗಂದಾಗ ಗಲ್ಲಾದಲ್ಲಿದ್ದ ಹೆಂಗಸು ಕನ್ನಡಕ ಇಳಿಸಿ ನೋಡಿದಳು. ದರ್ಶಿನಿಗೆ ಬಂದು ಇಡ್ಲಿ ಬೇಡ, ದೋಸೆ ಬೇಡ, ಬರೀ ಚಟ್ನಿ ಕೊಡಿ ಅಂದರೆ ನಮ್ಮವರೂ ಹಾಗೇ ನೋಡುತ್ತಾರೇನೋ. ಒಮ್ಮೆ ‘ಮಾಂಸ ಇಲ್ಲ’ ಎಂದು ಕೊಟ್ಟ ಕಾಳಿನಲ್ಲಿ ಹಂದಿಮಾಂಸದ ಚೂರು ಸಿಕ್ಕಿತು. ತೋರಿಸಿದರೆ ಆಕೆಗೆ ನಿಜವಾಗಿಯೂ ಆಶ್ಚರ್ಯ. ಅವಳ ಲೆಕ್ಕದಲ್ಲಿ ಅದು ಮಾಂಸವಲ್ಲ, ಒಗ್ಗರಣೆ.

ಕೋಳಿಯ ಕಥೆ ನಮ್ಮ ಯಜಮಾನರಿಗೆ ಬಾಯಿಪಾಠ. ಪೆರುವಿನ ಮನೆಮನೆಯ ಈ ‘ಪೋಯೊ ಅ ಲಾ ಬ್ರಾಸಾ’ ಶುರುವಾದದ್ದು 1950ರಲ್ಲಿ, ಲಿಮಾ ಪಟ್ಟಣದ ಹೊರಗೆ ಕೋಳಿ ಸಾಕಿಕೊಂಡಿದ್ದ ರೋಜರ್ ಶೂಲರ್ ಎಂಬ ಸ್ವಿಸ್ ಮನುಷ್ಯನಿಂದ. ಆ ತಿರುಗುವ ಯಂತ್ರ ಮಾಡಿಕೊಟ್ಟವನು ಅವನ ಗೆಳೆಯ ಫ್ರಾಂಜ್ ಉಲ್‌ರಿಚ್. ನನ್ನ ತಟ್ಟೆಯ ಕಥೆ ಇನ್ನೂ ದೂರದ್ದು. ನಾನು ತರಿಸಿಕೊಳ್ಳುವುದು ಅಣಬೆ ಸಾಲ್ತಾದೊ. ಈರುಳ್ಳಿ, ಟೊಮೆಟೊ, ಅಣಬೆಯನ್ನು ಜೋರು ಉರಿಯಲ್ಲಿ ಸೋಯಾ ಸಾಸ್ ಹಾಕಿ ಬಾಡಿಸುತ್ತಾರೆ. 1849ರಿಂದಾಚೆಗೆ ಕೂಲಿಗೆಂದು ಹಡಗು ಹತ್ತಿಬಂದ ಚೀನೀಯರು ಆ ದೇಶಕ್ಕೆ ಕಲಿಸಿದ ಕೈಕೆಲಸ ಅದು. ಪೆರುವಿನವರು ಶುಂಠಿಗೆ ಇವತ್ತಿಗೂ ‘ಕಿಯೊನ್’ ಎಂಬ ಚೀನೀ ಹೆಸರನ್ನೇ ಹೇಳುತ್ತಾರೆ. ಸಾಲ್ತಾದೊ ಒಳಗೆ ಕರಿದ ಆಲೂಗೆಡ್ಡೆ, ಪಕ್ಕದಲ್ಲಿ ಒಂದು ಬಟ್ಟಲು ಮಗುಚಿದ ಬಿಳಿ ಅನ್ನ. ಅನ್ನಕ್ಕೆ ಆಲೂಗೆಡ್ಡೆ ನೆಂಚಿಕೊಳ್ಳುವುದೇ ಎಂದು ನಗುವಂತಿಲ್ಲ. ಅಕ್ಕಿಹಿಟ್ಟಿನೊಳಗೆ ಆಲೂಗೆಡ್ಡೆ ಪಲ್ಯ ಮಡಚಿ ಅದಕ್ಕೆ ಮಸಾಲೆದೋಸೆ ಎಂದು ಹೆಸರಿಟ್ಟ ಜನ ನಾವು.

ಹೋದ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಬಂದಿದ್ದಳು. ಮೂರು ವಾರ ತಡೆದು ಕೊನೆಗೆ ಅವಳನ್ನೂ ಕರೆದುಕೊಂಡು ಹೋದೆವು. ಗಲ್ಲಾದ ಹೆಂಗಸು ಎದ್ದುಬಂದು ಅಮ್ಮನ ಎರಡೂ ಕೈ ಹಿಡಿದು ‘ಮಮೀತಾ, ಮಮೀತಾ’ ಎಂದು ಉಪಚರಿಸಿದಳು. ಹಿರಿಯ ಹೆಂಗಸರನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರೆ. ಕೂತ ಮೇಲೆ ಅಮ್ಮ ನನ್ನ ಕಿವಿಯಲ್ಲಿ, “ನನ್ನ ಹೆಸರು ಮಮತಾ ಅಂತ ಅವಳಿಗೆ ಯಾರೇ ಹೇಳಿದ್ದು?” ಎಂದಳು.

ಮಗ ತನ್ನ ಹಳದಿ ಇಂಕಾ ಕೋಲಾ ಒಂದು ಗುಟುಕು ಕುಡಿಸಿದ. ಬಬಲ್‌ಗಮ್ಮಿನ ರುಚಿಯ ಆ ಪಾನೀಯ 1935ರದ್ದು. ಅಮ್ಮ ಕೆಮ್ಮಿನ ಔಷಧಿ ಕುಡಿದ ಮುಖ ಮಾಡಿ ವಾಪಸ್ ಕೊಟ್ಟಳು. ಚಿಚಾ ಮೊರಾದಾ ಮಾತ್ರ ಹಿಡಿಸಿತು. ನೇರಳೆ ಬಣ್ಣದ ಮುಸುಕಿನ ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದ ಜೊತೆ ಕುದಿಸಿ ತಣಿಸಿದ ಕಷಾಯ ಅದು.

ಆಮೇಲೆ ಬಂತು ಪಾಪಾ ಅ ಲಾ ವಾಂಕಾಯಿನಾ. ಬೇಯಿಸಿದ ಆಲೂಗೆಡ್ಡೆಯ ಬಿಲ್ಲೆಗಳ ಮೇಲೆ ಹಳದಿ ಮೆಣಸಿನಕಾಯಿ, ಚೀಸು, ಹಾಲು ರುಬ್ಬಿದ ಗಟ್ಟಿ ಗೊಜ್ಜು. ಮೇಲೆ ಅರ್ಧ ಮೊಟ್ಟೆ ಕೂರಿಸುವುದು ವಾಡಿಕೆ, ಅದನ್ನು ಮೊದಲೇ ‘ಸಿನ್’ ಮಾಡಿಸಿದ್ದೆ. ಅಮ್ಮ ಒಂದು ಬಿಲ್ಲೆ ಬಾಯಿಗಿಟ್ಟು, “ಬೆಂದಿರೋದು ಚೆನ್ನಾಗಿದೆ. ಸಾಸಿವೆ ಮರೆತಿದ್ದಾರೆ” ಎಂದಳು. ಆಲೂಗೆಡ್ಡೆಯ ತವರೇ ಅವರ ಬೆಟ್ಟಗಳು, ಅಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ತಳಿಗಳಿವೆ ಎಂದರೆ ಅವಳು ಒಪ್ಪಲಿಲ್ಲ. “ಬೆಂಗಳೂರು ಮಾರ್ಕೆಟ್‌ನಲ್ಲಿ ಹಾಸನದ ಆಲೂಗೆಡ್ಡೆ ಅಂತ ಕೂಗ್ತಾರೆ. ಪೆರು ಆಲೂಗೆಡ್ಡೆ ಅಂತ ಕೂಗಿದ್ದು ಎಲ್ಲಾದ್ರೂ ಕೇಳಿದೀಯಾ?” ಸ್ವಲ್ಪ ಹೊತ್ತು ತಿಂದು ತಾನೇ ಯೋಚಿಸಿ, “ಅದಕ್ಕೇ ತಿಥಿಗೆ ಹಾಕಲ್ಲ ನೋಡು” ಎಂದಳು. ಹೌದಲ್ಲ! ತಿಥಿ ಅಡುಗೆಗೆ ಆಲೂಗೆಡ್ಡೆ ಸಲ್ಲದು, ಟೊಮೆಟೊ ಸಲ್ಲದು, ಖಾರಕ್ಕೆ ಮೆಣಸಿನಕಾಯಿ ಬಿಟ್ಟು ಕಾಳುಮೆಣಸು. ನಮ್ಮ ಪಿತೃಗಳು ಇವಕ್ಕಿನ್ನೂ ವೀಸಾ ಕೊಟ್ಟಿಲ್ಲ. ಡಬಲ್ ಬೀನ್ಸ್‌ಗೆ ಇಂಗ್ಲಿಷಿನಲ್ಲಿ ಲಿಮಾ ಬೀನ್ಸ್ ಅನ್ನುವುದು ಈ ಲಿಮಾದಿಂದಲೇ ಎಂದು ಹೇಳಬೇಕೆಂದಿದ್ದೆ. ಒಂದೇ ದಿನಕ್ಕೆ ಅಷ್ಟು ಬೇಡವೆಂದು ಸುಮ್ಮನಾದೆ.

ಕೋಳಿಯ ಜೊತೆ ಪುಟ್ಟ ಪ್ಲಾಸ್ಟಿಕ್ ಬಟ್ಟಲಲ್ಲಿ ಹಸಿರು ಗೊಜ್ಜು ಕೊಡುತ್ತಾರೆ, ಅಹಿ ವೆರ್ದೆ. ಮೊಟ್ಟೆ ಇಲ್ಲವೆಂದು ಕೇಳಿ ಖಾತ್ರಿ ಮಾಡಿಕೊಂಡು ಅಮ್ಮನ ಮುಂದಿಟ್ಟೆ. ಅವಳು ಬೆರಳ ತುದಿಯಲ್ಲಿ ನೆಕ್ಕಿದಳು. ಕಣ್ಣು ಮುಚ್ಚಿದಳು. ಇನ್ನೊಮ್ಮೆ ನೆಕ್ಕಿದಳು. “ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ. ಇನ್ನೊಂದು ಚೆಂಡುಹೂವಿನ ಎಲೆ ಕಣೇ.” ಅಮ್ಮಾ, ಚೆಂಡುಹೂವನ್ನು ಯಾರಾದರೂ ಚಟ್ನಿಗೆ ಹಾಕುತ್ತಾರಾ ಎಂದು ನಕ್ಕೆ. ಅವಳು ನನ್ನನ್ನು ಬಿಟ್ಟು ನೇರ ಗಲ್ಲಾದ ಹೆಂಗಸನ್ನೇ ಕನ್ನಡದಲ್ಲಿ ಕೇಳಿದಳು. ಆಕೆ ಅಡುಗೆಮನೆಯಿಂದ ಒಂದು ಬಾಟಲಿ ತಂದು ಮುಚ್ಚಳ ತೆಗೆದು ಅಮ್ಮನ ಮೂಗಿಗೆ ಹಿಡಿದಳು. ‘ವಕತಾಯ್’ ಎಂದಳು. ಅಮ್ಮ ‘ಚೆಂಡುಹೂ’ ಎಂದಳು. ಇಬ್ಬರೂ ತಲೆಯಾಡಿಸಿದರು.

ರಾತ್ರಿ ಫೋನಿನಲ್ಲಿ ಹುಡುಕಿದೆ. ಸಸ್ಯಶಾಸ್ತ್ರದವರ ಬಾಯಲ್ಲಿ ವಕತಾಯ್ ಅಂದರೆ ಟಾಜೆಟಿಸ್ ಮಿನ್ಯುಟ, ನಮ್ಮ ಚೆಂಡುಹೂವಿನ ಒಡಹುಟ್ಟು. ಅದೂ ಟಾಜೆಟಿಸ್, ಇದೂ ಟಾಜೆಟಿಸ್. ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದವಳನ್ನು ಎಬ್ಬಿಸಿ ಹೇಳುವ ಧೈರ್ಯವಾಗಲಿಲ್ಲ.

ಅಕ್ಟೋಬರಿನಲ್ಲಿ ಊರಿಂದ ಫೋನು. ಆಯುಧಪೂಜೆಗೆ ಸ್ಕೂಟರಿಗೆಂದು ತಂದ ಚೆಂಡುಹೂವಿನ ಗಿಡದಿಂದ ನಾಲ್ಕು ಎಲೆ ಕಿತ್ತು ಚಟ್ನಿಗೆ ಹಾಕಿ ರುಬ್ಬಿದಳಂತೆ. ಅಪ್ಪ ದೋಸೆಯ ಜೊತೆ ಎರಡು ತುತ್ತು ತಿಂದು, “ಯಾಕೋ ದೇವರ ಕೋಣೆ ವಾಸನೆ ಬರ್ತಿದೆಯಲ್ಲೇ” ಎಂದು ಮೂರನೆಯ ತುತ್ತಿಗೆ ಚಟ್ನಿ ಬಡಿಸಿಕೊಂಡರಂತೆ.