ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಒಂದೇ ಸಾಲದು

ಅಮೆರಿಕದಲ್ಲಿ ಡೇಲೈಟ್ ಸೇವಿಂಗ್ (ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುವ) ನಿಯಮ ಬದಲಾದರೆ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾಡಿದರೆ ಸಾಕು ಅಂತ ಬರೆದಿದ್ದೀರಿ. ಅಷ್ಟು ಸಾಲದು. ಜಾವಾ ಅನ್ನೋ ಪ್ರೋಗ್ರಾಮಿಂಗ್ ವ್ಯವಸ್ಥೆ ತನ್ನದೇ ಟೈಮ್ ಝೋನ್ ಪಟ್ಟಿ ಇಟ್ಟುಕೊಂಡಿರುತ್ತದೆ, ಅದನ್ನು ಬೇರೆಯಾಗಿ ಅಪ್‌ಡೇಟ್ ಮಾಡಬೇಕು. 2007ರಲ್ಲಿ ಅಲ್ಲಿ ಗಡಿಯಾರ ಮುಂದಿಡುವ ದಿನ ಏಪ್ರಿಲ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರಕ್ಕೆ ಬಂತಲ್ವಾ, ಹಳೇ ಪಟ್ಟಿ ಇರುವ ಪ್ರೋಗ್ರಾಂಗೆ ಆಗ ಮೂರು ವಾರ ಪೂರ್ತಿ ಒಂದು ಗಂಟೆ ಹಿಂದೆಯೇ. ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ಎನ್‌ಟಿಪಿ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ, ಅದು ಕೊಡೋದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಮಾತ್ರ; ಸ್ಥಳೀಯ ಸಮಯ ಅಲ್ಲ.

ಇನ್ನು ಕ್ರಾನ್ ಕೆಲಸಗಳು, ಅಂದರೆ ನಿಗದಿತ ಹೊತ್ತಿಗೆ ತಾವಾಗಿಯೇ ನಡೆಯುವ ಕೆಲಸಗಳು. ಗಡಿಯಾರ ಮುಂದಿಡುವ ಮಾರ್ಚ್‌ನ ಆ ರಾತ್ರಿ 2:30 ಅನ್ನೋ ಸಮಯವೇ ಬರೋದಿಲ್ಲ, ಹಿಂದಿಡುವ ನವೆಂಬರ್ ರಾತ್ರಿ 1:30 ಎರಡು ಸಲ ಬರುತ್ತದೆ. ಬಿಲ್ಲಿಂಗ್ ಕೆಲಸ ಆ ಹೊತ್ತಿಗಿದ್ದರೆ ದಯವಿಟ್ಟು ಈಗಲೇ ಬೇರೆ ಹೊತ್ತಿಗೆ ಹಾಕಿ. ಇನ್ನು, ಮುಂದಿನ ತಿಂಗಳ ಮೀಟಿಂಗ್‌ಗಳ ಸಮಯವನ್ನು ಯುಟಿಸಿಯಲ್ಲಿ ಉಳಿಸಬೇಡಿ, ಸ್ಥಳೀಯ ಸಮಯ ಮತ್ತು ಝೋನ್ ಹೆಸರು ಎರಡನ್ನೂ ಇಡಿ.