ಹೊಳೆಗೆ ಯಾರೂ ನೋಟಿಸ್ ಕೊಟ್ಟಿಲ್ಲ

ಈ ಸಲವೂ ಹೊಳೆ ಯಾರ ಪರ್ಮಿಶನ್ನೂ ಕೇಳದೆ ಹರಿಹರದ ಗಂಗಾನಗರಕ್ಕೆ ಬಂತು. ತುಂಗಭದ್ರೆಯನ್ನು ನಾವು ತುಂಗಭದ್ರೆ ಅನ್ನುವುದು ಅರ್ಜಿ ಬರೆಯುವಾಗ ಮಾತ್ರ. ಮನೆಯಲ್ಲಿ ಅದು ಬರೀ ಹೊಳೆ. ನಡುಮನೆಗೆ ನೀರು ನುಗ್ಗಿದರೂ "ಹೊಳಿ ಬಂತು" ಅಂತಲೇ ಹೇಳುತ್ತೇವೆ, ಬೀಗರು ಬಂದರು ಅನ್ನೋ ಹಾಗೆ. ಕಡತದಲ್ಲಿ ಮಾತ್ರ ನಾವು "ಪ್ರವಾಹ ಪೀಡಿತರು". ಪೀಡೆ ಯಾರದು ಅಂತ ಅಲ್ಲಿ ಬರೆದಿರುವುದಿಲ್ಲ.

ಹೊಳೆಗಿಂತ ಮೊದಲು ನೋಟಿಸ್ ಬರುತ್ತದೆ. ಆಟೋಕ್ಕೆ ಮೈಕ್ ಕಟ್ಟಿ ಕೂಗಿಸುತ್ತಾರೆ: ದಂಡೆಗೆ ಹೋಗಬೇಡಿ, ದನ ಇಳಿಸಬೇಡಿ, ಸೆಲ್ಫಿ ತೆಗೆಯಬೇಡಿ. ಇಷ್ಟು ವರ್ಷವೂ ಎಲ್ಲ ನೋಟಿಸ್ ನಮಗೇ. ಹೊಳೆಗೆ ಒಂದೂ ಜಾರಿಯಾಗಿಲ್ಲ.

ಡ್ಯಾಂ ಇಲ್ಲವೇ ಅಂತೀರಾ? ಒಂದಲ್ಲ, ಎರಡಿವೆ. ಗಜಾನೂರಿನ ತುಂಗಾ ಡ್ಯಾಂ ಹಿಡಿಯುವುದೇ 3 ಚಿಲ್ಲರೆ ಟಿಎಂಸಿ. ಮುಂಗಾರು ಒಂದು ವಾರ ಜಡಿದರೆ ಅದರ ಕಥೆ ಮುಗಿಯಿತು. ಆಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಬಿದ್ದದ್ದೆಲ್ಲ ನೇರ ನಮ್ಮ ಪಾಲು. ಲಕ್ಕವಳ್ಳಿಯ ಭದ್ರೆಯದು ದೊಡ್ಡ ಹೊಟ್ಟೆ, 71.5 ಟಿಎಂಸಿ. 186 ಅಡಿ ಮುಟ್ಟಲಿ ಅಂತ ಹರಕೆ ಹೊರುತ್ತೇವೆ, ಮುಟ್ಟಿದರೆ ಬಾಗಿನ ಕೊಡುತ್ತೇವೆ, ಬಾಗಿನದ ಮೊರ ಮುಳುಗುವ ಮೊದಲೇ ಗೇಟ್ ಎತ್ತುತ್ತಾರೆ. ಎರಡೂ ಕೂಡ್ಲಿಯಲ್ಲಿ ಕೂಡಿಕೊಂಡು, ಹೊನ್ನಾಳಿಯ ಬಾಲರಾಜ ಘಾಟ್‌ನಲ್ಲಿ ಹಾಜರಿ ಹಾಕಿ, ಇಲ್ಲಿಗೆ ಬರುತ್ತವೆ.

ಆಗ ನಮ್ಮನ್ನು ಕಾಳಜಿ ಕೇಂದ್ರಕ್ಕೆ ಸಾಗಿಸುತ್ತಾರೆ. ಮೊದಲು ಅದು ಗಂಜಿ ಕೇಂದ್ರ. ಹೆಸರು ಬದಲಾಯಿತು. ಪ್ರವಾಹ ನಿಯಂತ್ರಣದಲ್ಲಿ ಪೂರ್ತಿ ಮುಗಿದ ಕಾಮಗಾರಿ ಬಹುಶಃ ಇದೊಂದೇ. ಚಿತ್ರಾನ್ನಕ್ಕೆ ಇನ್ನೂ ಚಿತ್ರಾನ್ನ ಅಂತಲೇ ಅನ್ನುತ್ತಾರೆ, ಅಷ್ಟು ಸಮಾಧಾನ.

ಹೊಳೆಗೆ ತಡೆಗೋಡೆ ಕಟ್ಟುವ ಮಾತು ಏಳುವುದೂ ನೀರು ನಿಂತ ಆ ಮೂರು ದಿನವೇ. ಮೊಣಕಾಲುದ್ದ ನೀರಲ್ಲಿ ನಿಂತು ಕೊಟ್ಟ ಮಾತು ನೀರಿನ ಜೊತೆಯೇ ಇಳಿಯುತ್ತದೆ. ನಮ್ಮೂರ ದೇವರು ಹರಿಹರೇಶ್ವರ, ಅರ್ಧ ಹರಿ, ಅರ್ಧ ಹರ. ಹೊಯ್ಸಳರ ಪೋಲಾಳ್ವ ದಂಡನಾಯಕ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಇವತ್ತಿಗೂ ನಿಂತಿದೆ, ಪಾಪ ಅವನಿಗೆ ಡಿಪಿಆರ್ ಅನ್ನೋ ಯೋಜನಾ ವರದಿ ಮಾಡಿಸುವುದು ಗೊತ್ತಿರಲಿಲ್ಲ. ತಡೆಗೋಡೆಯ ಕಡತವೂ ದೇವರ ಹಾಗೆಯೇ, ಅರ್ಧ ಆ ಇಲಾಖೆ, ಅರ್ಧ ಈ ಇಲಾಖೆ. ದೇವರಿಗಾದರೆ ಮೈ ಒಂದೇ. ಈ ನಡುವೆ, 2022ರಲ್ಲಿ, ದಂಡೆಯ ಮೇಲೆ ತುಂಗಭದ್ರೆಯ ಆರತಿಗೆಂದು 108 ಮಂಟಪಗಳಿಗೆ ಅಡಿಗಲ್ಲು ಬಿತ್ತು. ತಡೆಯಲಾಗದ್ದಕ್ಕೆ ಆರತಿ ಎತ್ತುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ ತಾನೆ.

ಹೊಳೆಯನ್ನು ನಿಯಂತ್ರಿಸುವುದು ನಮಗೆ ಬರುವುದೇ ಇಲ್ಲ ಅಂದುಕೊಳ್ಳಬೇಡಿ. ನೀರು ಇಲ್ಲದಾಗ ಬಹಳ ಚೆನ್ನಾಗಿ ಬರುತ್ತದೆ. 2023ರ ಬರದಲ್ಲಿ ಭದ್ರಾ ನಾಲೆಗೆ "ಆನ್ ಅಂಡ್ ಆಫ್" ಅಂದರು, ಫ್ಯಾನಿಗೆ ಅಂದ ಹಾಗೆ: ಕೆಲವು ದಿನ ನೀರು, ಕೆಲವು ದಿನ ಬಂದ್. ಭತ್ತ ನಾಟಿ ಮಾಡಿ ಕೂತ ದಾವಣಗೆರೆಯ ರೈತರು ಬೀದಿಗಿಳಿದರು. ಪಕ್ಕದ ಚಿತ್ರದುರ್ಗದವರ ತಾಳ್ಮೆಯೇ ಬೇರೆ. 1907ರಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲೊಮ್ಮೆ ಕೋಡಿ ಬಿತ್ತು, ಮತ್ತೆ ಬಿದ್ದದ್ದು 2022ಕ್ಕೆ. 89 ವರ್ಷ ಕಾದವರು ಅವರು. ನಮಗೆ ಬರೀ ಮಳೆಗಾಲದಿಂದ ಮಳೆಗಾಲಕ್ಕೆ.

ಹೊಳೆ ಇಳಿದ ಮೇಲೆ ಹಾನಿ ಅಳೆಯುವವರು ಬಂದರು. ಪಕ್ಕದ ಮನೆ ಅಜ್ಜಿಯನ್ನು ಕೇಳಿದರು:

"ಅಜ್ಜೀ, ನೀರು ಎಲ್ಲೀ ತನಕ ಬಂದಿತ್ತು?"

ಅಜ್ಜಿ ಬಾಗಿಲ ಚೌಕಟ್ಟು ತೋರಿಸಿದಳು. ಮೊಮ್ಮಗ ಎಷ್ಟು ಬೆಳೆದ ಅಂತ ಹಾಕಿದ ಗೆರೆಗಳ ಪಕ್ಕದಲ್ಲೇ ಹೊಳೆಯ ಗೆರೆಗಳು. 2019ರದ್ದು ಎಲ್ಲಕ್ಕಿಂತ ಮೇಲೆ, ಹುಡುಗ ಇನ್ನೂ ಅದನ್ನು ಮುಟ್ಟಿಲ್ಲ.

"ಇದಕ್ಕ ದಾಖಲೆ ಏನೈತಿ?"

"ಗೆರಿ ಐತಲ್ಲಪ್ಪಾ."

"ಗೆರಿ ನಡಿಯಂಗಿಲ್ಲಜ್ಜೀ. ಸಹಿ ಇರಬೇಕು, ಸೀಲು ಇರಬೇಕು."

"ಹಂಗಾರೆ ಮುಂದಿನ ಸಲ ಹೊಳಿ ಬಂದಾಗ ನೀನೂ ಬಾರಪ್ಪಾ. ಒಳಗ ಬಂದಿರ್ತೈತಿ, ಕೂರಿಸಿ ಸಹಿ ಹಾಕಿಸ್ಕಾ."